ಬೂಟು ಮತ್ತು ಕುರ್ಚಿ

ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಬಳಿ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ ಇತ್ತು. ಒಂದು ಕೈ ಮುರಿದದ್ದು. ಕೆಳಗೆ ನಿಲ್ಲಿಸಿದ್ದ ಮಕ್ಕಳ ಎರಡು ಸೈಕಲ್ ಕಳುವಾದ ವಾರ, ರಾತ್ರಿ ಮೂರು ಗಂಟೆಗೆ ಏರ್‌ಪೋರ್ಟಿನಿಂದ ಬರುತ್ತಿದ್ದ ಒಬ್ಬರು, ವಾಚ್‌ಮನ್ ಆ ಕುರ್ಚಿಯಲ್ಲಿ ತಲೆ ವಾಲಿಸಿ ನಿದ್ದೆಹೋಗಿದ್ದ ಫೋಟೋ ತೆಗೆದು ಗ್ರೂಪಿಗೆ ಹಾಕಿದರು. ಮುಂದಿನ ಭಾನುವಾರ ನಿವಾಸಿಗಳ ಸಂಘದ ಸಭೆಯಲ್ಲಿ ಕುರ್ಚಿ ತೆಗೆಸುವುದೆಂದು ತೀರ್ಮಾನವಾಯಿತು. ಯಾರೂ ವಿರೋಧಿಸಲಿಲ್ಲ. ಕಮಿಟಿಯಲ್ಲಿ ನಾನೂ ಇದ್ದೆ. ಎದ್ದ ಏಳು ಕೈಗಳಲ್ಲಿ ನನ್ನದೂ ಒಂದು. ಯೋಚಿಸಿ ಎತ್ತಿದ್ದೆನೆಂದು ಹೇಳಲಾರೆ; ಸಭೆ ಮುಗಿದರೆ ಸಾಕೆಂದು ಎತ್ತಿದ ಕೈ.

ಚೆನ್ನೈಗೆ ಬಂದು ಹದಿನೈದು ವರ್ಷವಾಯಿತು. ಹಳೇ ಮಹಾಬಲಿಪುರಂ ರಸ್ತೆಯ ಐಟಿ ಕಂಪನಿಗಳ ಸಾಲಿನಲ್ಲಿ ಕೆಲಸ, ಅದೇ ರಸ್ತೆಯ ಒಳಗೆ ಮನೆ. ರಾತ್ರಿ ಪಾಳಿಯ ವಾಚ್‌ಮನ್ ತಾಳವಾಡಿಯವರು. ತಾಳವಾಡಿ ಇರುವುದು ತಮಿಳುನಾಡಿನ ಈರೋಡು ಜಿಲ್ಲೆಯಲ್ಲಾದರೂ ಅಲ್ಲಿನ ಮಾತು ಕನ್ನಡ, ಅದೂ ಚಾಮರಾಜನಗರದ ಕಡೆಯ ಕನ್ನಡ. ಐವತ್ತೈದು ದಾಟಿದ ಮನುಷ್ಯ. ನಾನು ಕನ್ನಡದವನೆಂದು ಗೊತ್ತಾದ ದಿನದಿಂದ ನನ್ನ ಕಾರು ಕಂಡರೆ ಗೇಟು ತುಸು ಬೇಗ ತೆರೆಯುತ್ತಿತ್ತು. ಕುರ್ಚಿ ಹೋದ ಮೇಲೂ ಅಷ್ಟೇ ಬೇಗ ತೆರೆಯುತ್ತಿತ್ತು. ಅದು ನನಗೆ ಇರಿಸುಮುರಿಸು ಮಾಡಬೇಕಿತ್ತು. ಮಾಡಲಿಲ್ಲ.

ತಿಂಗಳು ಕಳೆದ ಮೇಲೆ ಒಂದು ರಾತ್ರಿ ಅವರು ಗೇಟಿನ ಕಂಬಕ್ಕೆ ಒರಗಿ, ಒಂದು ಬೂಟು ಕಳಚಿ, ಆ ಕಾಲನ್ನು ಇನ್ನೊಂದು ಕಾಲಿನ ಮೇಲಿಟ್ಟು ಕೊಕ್ಕರೆಯ ಹಾಗೆ ನಿಂತಿದ್ದರು.

"ಏನಾಯ್ತು ಕಾಲಿಗೆ?"

"ಏನಿಲ್ಲ ಸಾ, ಬೂಟು ಕಚ್ತದೆ."

ಬೂಟು ನೋಡಿದೆ. ಸೆಕ್ಯುರಿಟಿ ಏಜೆನ್ಸಿಯವರು ಕೊಟ್ಟ ಕಪ್ಪು ಬೂಟು, ಒಂಬತ್ತನೇ ನಂಬರಿನದು. ಅವರ ಕಾಲು ಏಳರದು. ಏಳು ಹಾಕಿದರೆ ಬೆರಳುಗಳ ಬುಡದ ಹತ್ತಿರ ಹಿಡಿಯುತ್ತದೆ, ಎಂಟೂ ಹಿಡಿಯುತ್ತದೆ, ಒಂಬತ್ತಾದರೆ ಅಗಲಕ್ಕೆ ಸರಿಯಾಗುತ್ತದೆ. ಆದರೆ ಮುಂದೆ ಎರಡು ಬೆರಳಷ್ಟು ಜಾಗ ಖಾಲಿ. ಅಲ್ಲಿ ಹತ್ತಿ ತುರುಕಿದ್ದರು. ಹಿಮ್ಮಡಿ ಜಾರದಿರಲೆಂದು ಲೇಸನ್ನು ಉಸಿರುಗಟ್ಟುವಂತೆ ಬಿಗಿದಿದ್ದರು. ಬೊಬ್ಬೆ ಎದ್ದು, ಒಡೆದು, ಮತ್ತೆ ಎದ್ದಿತ್ತು.

ನಾನು ಎಂಟೆಕ್ ಮಾಡಿದ್ದು ಮೆಷಿನ್ ಡಿಸೈನಿನಲ್ಲಿ. ಆಮೇಲೆ ಹೊಟ್ಟೆಪಾಡು ಸಾಫ್ಟ್‌ವೇರಿಗೆ ತಂದಿತು, ಈಗ ಪ್ರಾಜೆಕ್ಟ್ ಮ್ಯಾನೇಜರ್. ಹಾಗಿದ್ದೂ ಲೋಡು, ಒತ್ತಡ, ಸವೆತ ಎಂಬ ಮಾತು ಕಿವಿಗೆ ಬಿದ್ದರೆ ಒಳಗೆ ಮಲಗಿದ್ದ ಎಂಜಿನಿಯರ್ ಎದ್ದು ಕೂರುತ್ತಾನೆ. ಆ ರಾತ್ರಿ ಎದ್ದ. ಕುರ್ಚಿಯ ವಿಷಯ ನನಗೆ ನೆನಪೇ ಆಗಲಿಲ್ಲ. ಬೂಟಿನ ಸಮಸ್ಯೆ ಮಾತ್ರ ಕಂಡಿತು.

ಓದುತ್ತಾ ಹೋದ ಹಾಗೆ ತಿಳಿದದ್ದು, ಅವರ ಕಾಲಿನ ಕಥೆ ಅವರೊಬ್ಬರದಲ್ಲ ಎಂದು. ನಾವು ಅಂಗಡಿಯಲ್ಲಿ "ಏಳು ಕೊಡಿ, ಎಂಟು ಕೊಡಿ" ಎನ್ನುವ ನಂಬರು ಬ್ರಿಟಿಷರು ಬಿಟ್ಟುಹೋದದ್ದು. ಒಂದು ನಂಬರಿಗೂ ಮುಂದಿನದಕ್ಕೂ ಉದ್ದದಲ್ಲಿ ಮೂರನೇ ಒಂದು ಇಂಚು ವ್ಯತ್ಯಾಸ. ಹಿಂದೆ ಒಂದು ಬಾರ್ಲಿ ಕಾಳಿನ ಉದ್ದವನ್ನು ಅಳತೆಯಾಗಿ ಇಟ್ಟುಕೊಂಡಿದ್ದರಂತೆ. ಕಾಲಿನ ಅಗಲದ ಬಗ್ಗೆ ಆ ನಂಬರು ಏನನ್ನೂ ಹೇಳುವುದಿಲ್ಲ. ಇಲ್ಲಿ ಅಡ್ಯಾರಿನಲ್ಲಿ, ಐಐಟಿ ಮತ್ತು ಅಣ್ಣಾ ವಿಶ್ವವಿದ್ಯಾಲಯಗಳ ನೆರೆಯಲ್ಲಿ, 1948ರಲ್ಲಿ ಶುರುವಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇದೆ. ಎಷ್ಟು ವರ್ಷ ಅದರ ಮುಂದೆ ಟ್ರಾಫಿಕ್ಕಿನಲ್ಲಿ ನಿಂತಿದ್ದೇನೋ, ಒಳಗೆ ಏನು ನಡೆಯುತ್ತದೆಂದು ಒಮ್ಮೆಯೂ ಯೋಚಿಸಿರಲಿಲ್ಲ. 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆಗಳಲ್ಲಿ 1,01,880 ಜನರ ಪಾದಗಳನ್ನು ತ್ರಿಡಿ ಸ್ಕ್ಯಾನರಿನಲ್ಲಿ ಅಳೆದ ಸಮೀಕ್ಷೆ ಈ ಸಂಸ್ಥೆಯದು. ಅದರ ಆಧಾರದ ಮೇಲೆ ಭಾರತದ ಕಾಲಿಗೆ ಭಾರತದ್ದೇ ಅಳತೆ ಎಂದು 'ಭಾ' ಎಂಬ ಹೆಸರಿನಲ್ಲಿ ಎಂಟು ಗುಂಪುಗಳ ಪದ್ಧತಿಯನ್ನು ಸೂಚಿಸಿದ್ದು 2024ರಲ್ಲಿ ಸುದ್ದಿಯಾಯಿತು. ಬೇರೆ ಬೇರೆ ಪ್ರಾಂತ್ಯದವರಿಗೆ ಕನಿಷ್ಠ ಐದು ಪದ್ಧತಿ ಬೇಕಾದೀತೆಂದು ಮೊದಲು ಅಂದುಕೊಂಡಿದ್ದರಂತೆ. ಅಳೆದು ನೋಡಿದರೆ ಒಂದೇ ಸಾಕಾಯಿತು. ಹೆಣ್ಣುಮಕ್ಕಳ ಪಾದ ಹನ್ನೊಂದರ ಸುಮಾರಿಗೆ, ಗಂಡುಮಕ್ಕಳದು ಹದಿನೈದು ಹದಿನಾರಕ್ಕೆ ಬೆಳೆದು ನಿಲ್ಲುತ್ತದೆ ಎಂಬುದೂ ಅಲ್ಲಿ ಗೊತ್ತಾದದ್ದೇ. ನಮ್ಮ ಪಾದ ಮುಂಭಾಗದಲ್ಲಿ ಅಗಲ, ಅದಕ್ಕಾಗಿ ಜನ ಬೇಕಾದದ್ದಕ್ಕಿಂತ ಉದ್ದದ ಬೂಟು ಕೊಳ್ಳುತ್ತಾರೆ, ಗಂಡಸರು ಲೇಸನ್ನು ಅತಿಯಾಗಿ ಬಿಗಿಯುತ್ತಾರೆ ಎಂಬ ಸಾಲು ಓದಿದಾಗ ನನ್ನ ಕಣ್ಣಮುಂದೆ ಬಂದದ್ದು ನಮ್ಮ ಗೇಟಿನ ಹತ್ತಿ ತುರುಕಿದ ಬೂಟು.

ಇದೇ ರಾಜ್ಯದ ಆಂಬೂರು, ರಾಣಿಪೇಟೆ, ವಾಣಿಯಂಬಾಡಿಗಳಲ್ಲಿ ಒಳ್ಳೆಯ ಬೂಟುಗಳು ತಯಾರಾಗುತ್ತವೆ. ಬೂಟು ಹೊಲಿಯುವುದು ಲಾಸ್ಟ್ ಎಂಬ ಕಾಲಿನಾಕಾರದ ಅಚ್ಚಿನ ಮೇಲೆ. ಆ ಅಚ್ಚು ಯಾರ ಕಾಲನ್ನು ಹೋಲುತ್ತದೋ ಬೂಟು ಅವರದು. ಅಲ್ಲಿನ ಎಷ್ಟೋ ಕಾರ್ಖಾನೆಗಳ ಅಚ್ಚುಗಳು ಯುರೋಪಿನ ಕಾಲಿನವು. ಹೊಲಿಯುವವರಲ್ಲಿ ಬಹಳ ಮಂದಿ ಹೆಂಗಸರು, ಮನೆಗೆ ಹೋಗುವುದು ರಬ್ಬರ್ ಚಪ್ಪಲಿಯಲ್ಲಿ.

ಇನ್ನೊಂದು ಅಧ್ಯಯನ ನಮ್ಮ ಕರಾವಳಿಯದು. ಕಸ್ತೂರಬಾ ಮೆಡಿಕಲ್ ಕಾಲೇಜಿನ ಇಬ್ಬರು ವೈದ್ಯರು, ರಾವ್ ಮತ್ತು ಜೋಸೆಫ್, 1992ರಲ್ಲಿ ಪ್ರಕಟಿಸಿದ್ದು. ನಾಲ್ಕರಿಂದ ಹದಿಮೂರು ವರ್ಷದ 2300 ಮಕ್ಕಳ ಹೆಜ್ಜೆಗುರುತು ತೆಗೆದು ನೋಡಿದ್ದರು. ಚಪ್ಪಲಿ, ಬೂಟು ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇ. 8.6, ಬರಿಗಾಲ ಮಕ್ಕಳಲ್ಲಿ ಶೇ. 2.8. ಬೆರಳು ಮುಚ್ಚುವ ಬೂಟಿನವರಲ್ಲಿ ಎಲ್ಲರಿಗಿಂತ ಹೆಚ್ಚು. ಹೈಸ್ಕೂಲಿಗೆ ಹೋಗುವವರೆಗೆ ಬರಿಗಾಲಲ್ಲಿ ತಿರುಗಿದವನು ನಾನು. ಶನಿವಾರದ ಡ್ರಿಲ್ಲಿಗೆ ಬಿಳಿ ಕ್ಯಾನ್ವಾಸ್ ಶೂ ಇಲ್ಲದೆ ಪಿ.ಟಿ. ಮೇಷ್ಟ್ರ ಹತ್ತಿರ ಬೈಸಿಕೊಂಡಿದ್ದೆ. ಆ ಅವಮಾನಕ್ಕೆ ಮೂವತ್ತು ವರ್ಷದ ಮೇಲೆ ಒಂದು ಸಣ್ಣ ಪರಿಹಾರ ಸಿಕ್ಕಿದಂತಾಯಿತು. ಹಾಗೆಂದು ಬರಿಗಾಲನ್ನು ಹೊಗಳುತ್ತಾ ಕೂರುವುದು ಮೋಸ. ಮುಳ್ಳು, ಗಾಜು, ಚೆನ್ನೈನ ಮೇ ತಿಂಗಳ ಟಾರು ಯಾವ ಅಧ್ಯಯನವನ್ನೂ ಓದಿರುವುದಿಲ್ಲ.

ಒಟ್ಟಿನಲ್ಲಿ ಒಂದು ಶನಿವಾರ ಸಂಜೆ ಕೆಳಗೆ ಹೋಗಿ ಅವರ ಎರಡೂ ಪಾದಗಳನ್ನು ಕಾಗದದ ಮೇಲೆ ನಿಲ್ಲಿಸಿ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡೆ. ದಿನ ಸರಿದಂತೆ ಕಾಲು ಊದುತ್ತದೆ, ಆದ್ದರಿಂದ ಸಂಜೆಯೇ ಅಳೆಯಬೇಕು. ಅವರು ಬಹಳ ಸಂಕೋಚಪಟ್ಟರು. "ಬ್ಯಾಡಿ ಸಾ, ನೀವು ಕಾಲ್ ಮುಟ್ಟಬ್ಯಾಡಿ" ಎಂದು ಪಾದ ಹಿಂದೆ ಎಳೆದುಕೊಂಡರು. ನಾಲ್ಕು ಅಂಗಡಿ ತಿರುಗಿ, ಮುಂಭಾಗ ಅಗಲವಾದ, ಹಿಮ್ಮಡಿಯನ್ನು ಗಟ್ಟಿಯಾಗಿ ಹಿಡಿಯುವ, ಮೆತ್ತಗಿದ್ದರೂ ಕುಸಿಯದ ಅಟ್ಟೆಯ ಕಪ್ಪು ಬೂಟು ಹುಡುಕಿದೆ. 2,800 ರೂಪಾಯಿ. ಒಳಗೆ ಅಂಗಾಲಿನ ಕಮಾನಿಗೆ ಆಸರೆಯಾಗುವ ಇನ್‌ಸೋಲ್ ಹಾಕಿಸಿದೆ. ಅದರ ಗಣಿತ ಸರಳ. ಮೈಭಾರ ಎಷ್ಟಿದೆಯೋ ಅಷ್ಟೇ ಇರುತ್ತದೆ, ಅದು ಬೀಳುವ ಜಾಗ ಹೆಚ್ಚಿದರೆ ಒಂದೊಂದು ಚೂರಿನ ಮೇಲಿನ ಒತ್ತಡ ಕಮ್ಮಿ. ಹಿಮ್ಮಡಿ ಮತ್ತು ಬೆರಳ ಬುಡ ಎರಡೇ ಹೊರುತ್ತಿದ್ದುದನ್ನು ಇಡೀ ಅಂಗಾಲಿಗೆ ಹಂಚುವುದು.

ಬೂಟು ಅವರಿಗೆ ಇಷ್ಟವಾಯಿತು. ನಾನು ಗ್ರೂಪಿನಲ್ಲಿ ಒಂದು ಪ್ಯಾರಾ ಬರೆದೆ. ಚಪ್ಪಾಳೆಗಳು ಬಂದವು. ಉಳಿದ ಮೂವರು ವಾಚ್‌ಮನ್‌ಗಳಿಗೂ ಕೊಡಿಸೋಣವೆಂದು ಒಬ್ಬರು ಹಣ ಸೇರಿಸಲು ಮುಂದಾದರು. ಹೆಂಡತಿ ಮಾತ್ರ ಅಡುಗೆಮನೆಯಿಂದಲೇ, "ಆ ದುಡ್ಡಿಗೆ ನಾಲ್ಕು ಕುರ್ಚಿ ಬರ್ತಿತ್ತಲ್ಲ" ಅಂದಳು. ನಾನು ಕೇಳಿಸದವನಂತೆ ಇದ್ದುಬಿಟ್ಟೆ.

ಎರಡು ವಾರದ ನಂತರ ಕೇಳಿದೆ, "ಈಗ ಹೇಗಿದೆ?"

"ಚೆನ್ನಾಗದೆ ಸಾ. ಬೊಬ್ಬೆ ಎಲ್ಲ ವಾಸಿಯಾಯ್ತು. ರಾತ್ರಿ ಒಂದು ಗಂಟೆ ತಂಕ ಏನೂ ಗೊತ್ತಾಗಲ್ಲ."

"ಆಮೇಲೆ?"

"ಅದು ಬೂಟಿಂದಲ್ಲ ಬುಡಿ. ಮೀನಖಂಡ ಎಳಿತದೆ, ಸೊಂಟ ಹಿಡ್ಕತದೆ. ನಿಂತ್ರೆ ಅಷ್ಟೇ ಅಲ್ವಾ ಸಾ."

ಪಾಳಿ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು. ಅವರು ಪ್ಯಾಂಟು ಸ್ವಲ್ಪ ಮೇಲೆತ್ತಿ ತೋರಿಸಿದರು. ಮಂಡಿಯ ಹಿಂದಿನಿಂದ ಇಳಿದು ಬಂದ ಊದಾ ಬಣ್ಣದ ನರಗಳು ಹಗ್ಗದ ಹಾಗೆ ಗಂಟುಗಂಟಾಗಿದ್ದವು.

ಅದಕ್ಕೂ ಗಣಿತವಿದೆ. ಅಲುಗಾಡದೆ ನಿಂತ ಮನುಷ್ಯನ ಹೃದಯದಿಂದ ಪಾದದ ಗಂಟಿನವರೆಗೆ ರಕ್ತದ ಒಂದು ಉದ್ದನೆಯ ಕಂಬ ನಿಂತಿರುತ್ತದೆ. ಓವರ್‌ಹೆಡ್ ಟ್ಯಾಂಕಿನ ನೀರು ಕೆಳಗಿನ ನಲ್ಲಿಯನ್ನು ಒತ್ತುವ ಹಾಗೆ ಆ ಕಂಬದ ಭಾರ ಕಾಲಿನ ಸಿರೆಗಳನ್ನು ಒತ್ತುತ್ತದೆ. ಅಲ್ಲಿ ಒತ್ತಡ ಪಾದರಸದ ಸುಮಾರು 90 ಮಿಲಿಮೀಟರ್ ಆಗುತ್ತದೆ. ನಡೆದರೆ ಮೀನಖಂಡದ ಸ್ನಾಯು ಪಂಪಿನ ಹಾಗೆ ರಕ್ತವನ್ನು ಮೇಲಕ್ಕೆ ಹಿಂಡುತ್ತದೆ, ಒತ್ತಡ 30ರ ಆಸುಪಾಸಿಗೆ ಇಳಿಯುತ್ತದೆ. ಕೂತರೂ ಇಳಿಯುತ್ತದೆ, ಕಂಬದ ಎತ್ತರವೇ ಕಡಿಮೆಯಾಗುವುದರಿಂದ. ಗೇಟಿನ ಬಳಿ ಬರೀ ನಿಂತಿದ್ದರೆ ಮಾತ್ರ ಇಳಿಯುವುದಿಲ್ಲ. ಜಗತ್ತಿನ ಅತ್ಯುತ್ತಮ ಬೂಟು ಹಾಕಿದರೂ ಆ ಕಂಬ ಒಂದು ಇಂಚೂ ಕುಗ್ಗುವುದಿಲ್ಲ. ನಾನು ಅಂಗಾಲಿನ ಕೆಳಗಿನ ಒತ್ತಡವನ್ನು ಅಷ್ಟು ಶ್ರದ್ಧೆಯಿಂದ ಹಂಚಿದ್ದೆ. ಅಂಗಾಲಿನ ಮೇಲಿನದನ್ನು ಇಳಿಸಲು ಬೇಕಾಗಿದ್ದದ್ದು ಕೈ ಮುರಿದ ನೀಲಿ ಕುರ್ಚಿ. ಅದನ್ನು ತೆಗೆಸಿದವರಲ್ಲಿ ನಾನೊಬ್ಬ.

ಇಲ್ಲಿಂದ ನನ್ನ ತಲೆಯಲ್ಲಿ ಉಳಿದದ್ದು ಬೂಟಿನ ಪ್ರಶ್ನೆಯಲ್ಲ. ಒಬ್ಬರ ಕಷ್ಟವನ್ನು ತಡೆದುಕೊಳ್ಳುವಂತೆ ಮಾಡುವುದು ಒಳ್ಳೆಯ ಕೆಲಸ, ಸರಿ. ಆ ಕಷ್ಟ ಕೊಡುತ್ತಿರುವವನೇ ಅದನ್ನು ಮಾಡಿದರೆ?

ವೆಲ್ಲೂರಿನ ಪಾಲ್ ಬ್ರಾಂಡ್ ಕಥೆ ಆಗ ನೆನಪಾಯಿತು. ಕೊಲ್ಲಿ ಬೆಟ್ಟದಲ್ಲಿ ಮಿಷನರಿಗಳ ಮಗನಾಗಿ 1914ರಲ್ಲಿ ಹುಟ್ಟಿದ ಶಸ್ತ್ರವೈದ್ಯ, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದವರು. ಕುಷ್ಠರೋಗದಲ್ಲಿ ಮಾಂಸ ತಾನೇ ಕೊಳೆತು ಬೆರಳು ಉದುರುತ್ತವೆ ಎಂದು ಜನ ನಂಬಿದ್ದ ಕಾಲ. ನೋವು ಗೊತ್ತಾಗದ್ದರಿಂದ ರೋಗಿ ತನ್ನ ಕಾಲನ್ನು ತಾನೇ ಹಾಳುಮಾಡಿಕೊಳ್ಳುತ್ತಾನೆ ಎಂದು ಅವರು ತೋರಿಸಿದರು. ನಮಗೆ ನೂರು ಹೆಜ್ಜೆ ನಡೆದ ಮೇಲೆ ಒಂದು ಕಡೆ ಉರಿಯತೊಡಗಿದರೆ ಗೊತ್ತಿಲ್ಲದೆಯೇ ಹೆಜ್ಜೆ ಬದಲಿಸುತ್ತೇವೆ. ಅವರಿಗೆ ಉರಿಯುವುದಿಲ್ಲ, ಆದ್ದರಿಂದ ಅದೇ ಜಾಗದಲ್ಲಿ ತುಳಿಯುತ್ತಲೇ ಹೋಗುತ್ತಾರೆ. ಅಂಥ ಕಾಲಿಗಾಗಿ ವೆಲ್ಲೂರಿನ ಕಡೆ ಸಣ್ಣ ಸಣ್ಣ ಗಾಳಿಗುಳ್ಳೆಗಳ ಮೆತ್ತನೆಯ ರಬ್ಬರಿನ ಚಪ್ಪಲಿ ಮಾಡತೊಡಗಿದರು. ಎಂ.ಸಿ.ಆರ್. ಚಪ್ಪಲಿ ಎಂದು ಇವತ್ತಿಗೂ ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಬರೆದುಕೊಡುವುದು ಅದನ್ನೇ. ಮಾತು ಕಳೆದುಕೊಂಡ ಕಾಲಿನ ಪರವಾಗಿ ಯೋಚಿಸುವ ಚಪ್ಪಲಿ ಅದು.

ನಮ್ಮ ವಾಚ್‌ಮನ್ ಕಾಲಿಗೆ ಮಾತು ಬರುತ್ತಿತ್ತು. ಅದು ಹೇಳುತ್ತಿದ್ದದ್ದು ನಮಗೆ, ಏಳು ಕೈಗಳಿಗೆ. ನಾನು ಸಾವಿರಗಟ್ಟಲೆ ಖರ್ಚು ಮಾಡಿ ಅದು ನಮಗೆ ಕೇಳಿಸದ ಹಾಗೆ ಮಾಡಲು ಹೊರಟಿದ್ದೆ. ಆಫೀಸಿನಲ್ಲಿ ಇದನ್ನು ನಿತ್ಯ ನೋಡುತ್ತೇನೆ. ಸರ್ವರಿನ ಅಲರ್ಟ್ ರಾತ್ರಿಯೆಲ್ಲ ಹೊಡೆದುಕೊಳ್ಳುತ್ತದೆ, ಯಾರೋ ಜಾಣ ಹುಡುಗ ಅಲರ್ಟಿನ ಮಿತಿಯನ್ನೇ ಏರಿಸಿ ಮಲಗುತ್ತಾನೆ. ಬೆಳಿಗ್ಗೆ ಡ್ಯಾಶ್‌ಬೋರ್ಡ್ ಹಸಿರು. ಅವನನ್ನು ಕರೆದು ಬುದ್ಧಿ ಹೇಳುವುದು ನನ್ನ ಕೆಲಸ.

ಕೂರುವುದಕ್ಕಾಗಿ ಕಾನೂನೇ ಮಾಡಬೇಕಾಯಿತು ಎಂಬುದನ್ನು ಮುಂದಿನ ಪೀಳಿಗೆ ನಂಬುತ್ತದೋ ಇಲ್ಲವೋ. ಕೋಳಿಕ್ಕೋಡಿನ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿದ ಮೇಲೆ ಕೇರಳ 2018ರಲ್ಲಿ ತಿದ್ದುಪಡಿ ತಂದಿತು. ತಮಿಳುನಾಡು 2021ರಲ್ಲಿ ತನ್ನ 1947ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಗೆ ಒಂದು ಕಲಮು ಸೇರಿಸಿತು: ನೌಕರರಿಗೆ ಆಸನ ಇರಬೇಕು, ಬಿಡುವು ಸಿಕ್ಕಾಗ ಕೂರಲು ಅವಕಾಶ ಇರಬೇಕು. ಅದಕ್ಕೂ ಮೊದಲು, 2010ರಲ್ಲಿ, ವಸಂತಬಾಲನ್ 'ಅಂಗಾಡಿ ತೆರು' ಎಂಬ ಸಿನಿಮಾದಲ್ಲಿ ತಿ. ನಗರದ ರಂಗನಾಥನ್ ಬೀದಿಯ ಅಂಗಡಿ ಹುಡುಗ ಹುಡುಗಿಯರ ಬದುಕನ್ನು ತೋರಿಸಿದ್ದರು. ನಾನು ಅದನ್ನು ನೋಡಿ ಕಣ್ಣು ಒರೆಸಿಕೊಂಡವನೇ. ಮುಂದಿನ ದೀಪಾವಳಿಗೆ ಅದೇ ಬೀದಿಯಲ್ಲಿ ನಲವತ್ತು ಸೀರೆ ಬಿಚ್ಚಿಸಿ ಒಂದು ಕೊಂಡು ಬಂದೆವು, ನಾವು ಸ್ಟೂಲಿನ ಮೇಲೆ ಕೂತು, ಬಿಚ್ಚುವ ಹುಡುಗಿ ನಿಂತು.

ಕನ್ನಡದವರಿಗೆ ಪಾದರಕ್ಷೆ ಎಂದರೆ ಹರಳಯ್ಯ ನೆನಪಾಗಲೇಬೇಕು. ಹರಳಯ್ಯ "ಶರಣು" ಅಂದದ್ದಕ್ಕೆ ಬಸವಣ್ಣ "ಶರಣು ಶರಣಾರ್ಥಿ" ಅಂದ. ಒಂದು ಶರಣು ಹೆಚ್ಚಾಯಿತು, ಆ ಋಣ ತೀರಿಸಬೇಕೆಂದು ಹರಳಯ್ಯ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮ ತೆಗೆದು ಚಮ್ಮಾವುಗೆ ಮಾಡಿಕೊಟ್ಟರು. ಅವನ್ನು ಮೆಟ್ಟಲು ಬಸವಣ್ಣನಿಂದ ಆಗಲಿಲ್ಲ. ಚಿಕ್ಕಂದಿನಲ್ಲಿ ಇದನ್ನು ಭಕ್ತಿಯ ಕಥೆಯೆಂದು ಕೇಳಿದ್ದೆ. ಈಗ ಅದರಲ್ಲಿ ಲೆಕ್ಕದ ಕಥೆಯೂ ಕಾಣುತ್ತದೆ. ಒಂದು ಹೆಚ್ಚುವರಿ ಶರಣನ್ನೂ ಸಾಲವೆಂದು ಬರೆದುಕೊಂಡವರು ಅವರು. ನಾನು ಕೈ ಎತ್ತಿದ್ದನ್ನು ಯಾವ ಪುಟದಲ್ಲೂ ಬರೆದುಕೊಳ್ಳದೆ, ಬೂಟು ಕೊಟ್ಟದ್ದನ್ನು ಜಮಾ ಕಡೆ ಬರೆದು ಗ್ರೂಪಿಗೆ ಹಾಕಿದೆ.

ಇಷ್ಟೆಲ್ಲ ಅಂದ ಮೇಲೆ ಎದುರು ಮಾತೂ ಇದೆ, ಅದು ಹಗುರದ್ದೇನಲ್ಲ. ಸಹೋದ್ಯೋಗಿಯೊಬ್ಬರು ಕೇಳಿದರು: ಹಾಗಾದರೆ ಕುರ್ಚಿ ಸಿಗುವ ತನಕ ಅವರು ಬೊಬ್ಬೆ ಎದ್ದ ಕಾಲಲ್ಲೇ ನಿಂತಿರಬೇಕಿತ್ತೆ? ನಿಮ್ಮ ಆತ್ಮಶುದ್ಧಿಗಾಗಿ ಅವರ ಕಾಲು ಕಾಯಬೇಕೆ? ಇಲ್ಲ, ಕಾಯಬೇಕಿರಲಿಲ್ಲ. ಅಡ್ಯಾರಿನಲ್ಲಿ ಪಾದ ಅಳೆಯುವವರು ಪಾಳಿಯ ಗಂಟೆಗಳನ್ನು ನಿರ್ಧರಿಸುವವರಲ್ಲ. ಅವರ ಕೈಲಿರುವುದು ಅಚ್ಚು, ಅದನ್ನು ಸರಿಮಾಡುತ್ತಿದ್ದಾರೆ. ಬಸ್ ಕಂಡಕ್ಟರಿಗೆ, ಆಸ್ಪತ್ರೆಯ ನರ್ಸಿಗೆ, ಎಷ್ಟು ಕುರ್ಚಿ ಕೊಟ್ಟರೂ ನಿಲ್ಲುವುದು ತಪ್ಪದವರಿಗೆ ಆ ಕೆಲಸ ದೊಡ್ಡದು. ಕುರ್ಚಿ ಕೊಡಲಾಗದವನು ಬೂಟು ಕೊಟ್ಟರೆ ಅದು ಕರುಣೆಯೇ. ನನ್ನ ತೊಡಕು ಬೇರೆ. ನನ್ನ ಕೈಲಿ ಕುರ್ಚಿಯೂ ಇತ್ತು. ಬೂಟು ಕೊಡಿಸುವುದು ಸುಲಭವಾಗಿತ್ತು, ಯಾಕೆಂದರೆ ಅದಕ್ಕೆ ಹಣ ಸಾಕು. ಕುರ್ಚಿಗೆ ನೆರೆಯವರ ಎದುರು "ನಾವು ಮಾಡಿದ್ದು ತಪ್ಪು" ಎನ್ನಬೇಕು. ಮೊದಲನೆಯದಕ್ಕೆ ಚಪ್ಪಾಳೆ, ಎರಡನೆಯದಕ್ಕೆ ಮುಖ ಸಿಂಡರಿಸುವಿಕೆ. ಸಂಶೋಧನೆ, ಅಳತೆ, ಇನ್‌ಸೋಲ್ ಎಲ್ಲವೂ ನನಗೆ ಆ ಮಾತಿನಿಂದ ತಪ್ಪಿಸಿಕೊಳ್ಳುವ ದಾರಿಯೂ ಆಗಿದ್ದವು ಎಂಬುದು ಒಪ್ಪಿಕೊಳ್ಳಲು ಕಷ್ಟವಾದ ಸಂಗತಿ. ಬೂಟು ಸರಿಯಾದದ್ದೇ ಆದ್ದರಿಂದ ಇನ್ನೂ ಕಷ್ಟ.

ಮುಂದಿನ ಸಭೆಯಲ್ಲಿ ವಿಷಯ ಎತ್ತಿದೆ. ಮಲಗುತ್ತಾರೆ ಎಂದರು. ಹನ್ನೆರಡು ಗಂಟೆ ನಿಂತು ಎಚ್ಚರವಿರುವುದು ನಮ್ಮಲ್ಲಿ ಯಾರಿಂದ ಸಾಧ್ಯ ಎಂದೆ. ಅವರಿಗೆ ಅದಕ್ಕೇ ಸಂಬಳ ಎಂದರು. 2021ರ ಕಾನೂನಿನ ಮಾತು ತೆಗೆದೆ. ಅಪಾರ್ಟ್‌ಮೆಂಟಿನ ಗೇಟು 'ಸಂಸ್ಥೆ' ಎನ್ನಿಸಿಕೊಳ್ಳುತ್ತದೆಯೇ ಇಲ್ಲವೇ ಎಂದು ನಾಲ್ಕನೇ ಮಹಡಿಯ ವಕೀಲರು ಅರ್ಧ ಗಂಟೆ ವಾದಿಸಿದರು, ಕುಶನ್ ಕುರ್ಚಿಯಲ್ಲಿ ಕೂತು. ಮೊದಲ ಫೋಟೋ ಹಾಕಿದವರೇ ಕೊನೆಗೆ, "ನಮ್ಮಪ್ಪನೂ ಮಿಲ್ಲಿನಲ್ಲಿ ನಿಂತೇ ಕೆಲಸ ಮಾಡಿದವರು, ಕೊನೆಗಾಲದಲ್ಲಿ ಕಾಲು ಹೋಗಿತ್ತು" ಎಂದು ಮೆಲ್ಲಗೆ ಹೇಳಿದರು. ಆಮೇಲೆ ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ರಾಜಿಯಾಯಿತು: ಕುರ್ಚಿ ಬೇಡ, ಸ್ಟೂಲು ಇರಲಿ, ಬೆನ್ನಿಗೆ ಆಸರೆ ಇಲ್ಲದ್ದು. ಒರಗಲು ಆಗದಿದ್ದರೆ ಮಲಗುವುದೂ ಆಗುವುದಿಲ್ಲವಲ್ಲ. ನಾನು ಅದಕ್ಕೂ ಕೈ ಎತ್ತಿದೆ. ಈ ಸಲ ಯೋಚಿಸಿ ಎತ್ತಿದೆ, ಆದರೂ ಎತ್ತಿದೆ.

ಈಗ ಕಬ್ಬಿಣದ ಒಂದು ಸ್ಟೂಲು ಬಂದಿದೆ. ಮೊನ್ನೆ ರಾತ್ರಿ ಕ್ಲೈಂಟ್ ಕಾಲ್ ಮುಗಿದು ಬಾಲ್ಕನಿಗೆ ಬಂದಾಗ ಎರಡು ಗಂಟೆ ಇರಬೇಕು. ಅವರು ಸ್ಟೂಲನ್ನು ಗೋಡೆಯ ಪಕ್ಕಕ್ಕೆ ಎಳೆದುಕೊಂಡು, ಬೆನ್ನನ್ನು ಗೋಡೆಗೆ ಕೊಟ್ಟು ಕೂತಿದ್ದರು. ಹೊಸ ಬೂಟು ಬಿಚ್ಚಿ ಜೋಡಿಸಿಟ್ಟು, ಬರಿಗಾಲುಗಳನ್ನು ಅದರ ಮೇಲಿಟ್ಟುಕೊಂಡಿದ್ದರು. ಕಣ್ಣು ಮುಚ್ಚಿತ್ತೋ ತೆರೆದಿತ್ತೋ ಮೇಲಿನಿಂದ ಕಾಣಿಸಲಿಲ್ಲ. ನಾನು ಬಾಲ್ಕನಿಯ ದೀಪ ಆರಿಸಿ ಒಳಗೆ ಬಂದೆ.